ಎರಡು ಬೆರಳಿಲ್ಲದ ಅಭಯಮುದ್ರೆ

ಮಾರ್ಚ್ 3, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಇದು ಅಕ್ಷರವೋ ಇರುವೆ ಸಾಲೋ ನನಗೇ ಗೊತ್ತಾಗುತ್ತಿಲ್ಲ. ದಿನಕ್ಕೆ ಅರ್ಧ ಪುಟ ಬರೆಯಬೇಕಂತೆ, ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಆಜ್ಞೆ. ಏನು ಬರೀಲಿ ಅಂತ ಕೇಳಿದೆ. "ಏನು ಬೇಕಾದ್ರೂ ಬರೀರಿ, ಯಾರೂ ಓದಲ್ಲ" ಅಂದರು. ಹಾಗಾದರೆ ಬಯ್ಯುತ್ತೇನೆ.

ಆ ಕಟಿಂಗ್ ಮಷೀನಿಗೆ ಬೆಂಕಿ ಬೀಳಲಿ. ಹದಿನಾಲ್ಕು ವರ್ಷ ಅದರ ಮುಂದೆ ನಿಂತು ಊರವರ ಪುಸ್ತಕಗಳ ಅಂಚು ನೇರ ಮಾಡಿದೆ. ಆರು ವಾರದ ಹಿಂದೆ ಅದು ನನ್ನ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಬುಡದವರೆಗೆ ತೆಗೆದುಕೊಂಡಿತು. ಈಗ ಅಲ್ಲಿ ನನ್ನ ತಂಗಿ ನಿಂತಿದ್ದಾಳೆ. ಬೈಂಡಿಂಗ್ ಮೇಜಿನಿಂದ ಎಬ್ಬಿಸಿ ಅವಳನ್ನೇ ಅಲ್ಲಿಗೆ ಹಾಕಿದ್ದಾರೆ. "ಮನೆ ನಡೀಬೇಕಲ್ಲಕ್ಕ" ಅಂದಳು. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ನಿನ್ನೆ ಪ್ರೆಸ್ಸಿನ ಯಜಮಾನರು ಹಣ್ಣು ತಂದಿದ್ದರು. ಹಣ್ಣಿನ ಚೀಲದಲ್ಲೇ ಒಂದು ಕಾಗದವೂ ಇತ್ತು. "ನನ್ನ ಅಜಾಗರೂಕತೆಯಿಂದ ಅಪಘಾತವಾಯಿತು" ಅಂತ ಟೈಪ್ ಮಾಡಿಸಿದ್ದರು. ಸಹಿ ಹಾಕಬೇಕಂತೆ. ಬಲಗೈ ತೋರಿಸಿದೆ. "ಎಡಗೈ ಹೆಬ್ಬೆಟ್ಟು ಸಾಕಮ್ಮ" ಅಂದರು.

ಕೈ ನೋಯುತ್ತಿದೆ. ಎಡಗೈ.

ಮಾರ್ಚ್ 4, ಮಂಗಳವಾರ

ಇವತ್ತು ಬರೆಯುವುದಿಲ್ಲ. ಏನು ಮಾಡ್ಕೋತಾರೋ ಮಾಡ್ಕೊಳ್ಳಲಿ.

ಮಾರ್ಚ್ 7, ಶುಕ್ರವಾರ

ವ್ಯಾಯಾಮದ ಕೋಣೆಗೆ ಇವತ್ತು ಒಬ್ಬಳು ಕ್ಯಾಮೆರಾ ನೇತುಹಾಕಿಕೊಂಡು ಬಂದಿದ್ದಳು. ಐವತ್ತು ದಾಟಿದ ಹೆಂಗಸು, ಗಂಡಸರ ಬೂಟು. ಡಾಕ್ಟರಮ್ಮನ ಒಪ್ಪಿಗೆ ಇದೆಯಂತೆ. ಒಬ್ಬೊಬ್ಬರ ಹತ್ತಿರವೂ ಹೋಗಿ "ನಿಮ್ಮ ಕೈ ಫೋಟೋ ತೆಗೀಬಹುದಾ?" ಅಂತ ಕೇಳುತ್ತಿದ್ದಳು. ಬುದ್ಧನ ಕೈಗಳ ಮೇಲೆ ಪುಸ್ತಕ ಮಾಡುತ್ತಿದ್ದಾಳಂತೆ. ಬುದ್ಧನ ಕೈ ಬೇಕಿದ್ದರೆ ಬುದ್ಧನ ಹತ್ತಿರ ಹೋಗಬೇಕಪ್ಪ, ನಮ್ಮ ಹತ್ತಿರ ಏನಿದೆ?

ನಾನು ಸ್ವೆಟರ್ ಜೇಬಿನಿಂದ ಕೈ ತೆಗೆಯಲೇ ಇಲ್ಲ. ಆರು ವಾರದಿಂದ ಮನೆಯಿಂದ ಹೊರಗೆ ಬಂದರೆ ಅದು ಅಲ್ಲೇ. ಅವಳು ನನ್ನ ಮುಂದೆ ಬಂದು ನಿಂತಳು. ಬೇಡ ಅಂದೆ. ಹೋಗಲಿಲ್ಲ. "ಬೇಡ ಅಂದ್ರೆ ಬೇಡ, ಪರವಾಗಿಲ್ಲ, ಸ್ವಲ್ಪ ಹೊತ್ತು ಇಲ್ಲೇ ಕೂತ್ಕೋತೀನಿ" ಅಂದಳು. ಕೂತಳು. ಮಾತಿಲ್ಲ ಕತೆಯಿಲ್ಲ, ಸುಮ್ಮನೆ ಕೂತಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನೋಡಬೇಕಾ? ತಗೋ, ನೋಡು!" ಅಂತ ಕೈ ಹೊರಗೆಳೆದು ಅವಳ ಮುಖದ ಮುಂದೆ ಹಿಡಿದೆ. ಕ್ಲಿಕ್ ಅಂತು.

"ಇದೇ ಅಭಯಮುದ್ರೆ" ಅಂದಳು ಮೆಲ್ಲಗೆ. "ಹೆದರಬೇಡ ಅಂತ ಹೇಳೋ ಕೈ."

"ನಾನು ನಿಮ್ಮ ಕಪಾಳಕ್ಕೆ ಹೊಡೆಯೋಕೆ ಎತ್ತಿದ್ದು" ಅಂದೆ.

ಪಕ್ಕದಲ್ಲಿ ಚೆಂಡು ಅಮುಕುತ್ತಿದ್ದ ಮುದುಕ ನಕ್ಕುಬಿಟ್ಟ. ಅವಳೂ ನಕ್ಕಳು. ನಾನು ನಗಲಿಲ್ಲ. ಆದರೂ ಒಂದು ಚೀಟಿಯಲ್ಲಿ ನನ್ನ ಫೋನ್ ನಂಬರು ಬರೆದುಕೊಟ್ಟೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ. ಎಡಗೈಯಲ್ಲಿ ಬರೆದ ಏಳು ಒಂಬತ್ತಿನಂತಿದೆ, ಹೇಗೂ ಫೋನು ಬರುವುದಿಲ್ಲ.

ಮಾರ್ಚ್ 12, ಬುಧವಾರ

ಯಜಮಾನರು ಮತ್ತೆ ಬಂದರು. ಈ ಸಲ ಹಣ್ಣಿಲ್ಲ. ಏಪ್ರಿಲ್ ಎರಡಕ್ಕೆ ಕಾರ್ಖಾನೆ ಇನ್‌ಸ್ಪೆಕ್ಟರ್ ಬರುತ್ತಾರಂತೆ. ಅಷ್ಟರೊಳಗೆ ಕಾಗದ ಆಗಬೇಕಂತೆ.

"ನೀನು ಮನೆಯವಳ ಹಾಗೆ ಇದ್ದವಳು. ನಿನ್ನ ತಂಗಿಯೂ ಅಷ್ಟೆ. ಅವಳ ಕೆಲಸ ಹಾಗೇ ಇರಬೇಕು ಅಂತ ನನಗೂ ಆಸೆ" ಅಂದರು. ಇಷ್ಟು ನಯವಾಗಿ ಕುತ್ತಿಗೆ ಹಿಡಿಯುವುದನ್ನು ಎಲ್ಲಿ ಕಲಿತರೋ! ಸಹಿ ಹಾಕಿದರೆ ತಂಗಿಯ ಕೆಲಸ ಉಳಿಯುತ್ತದೆ. ಹಾಕದಿದ್ದರೆ ಅವಳು ಏಪ್ರಿಲ್ ಮೂರಕ್ಕೆ ಮನೆಯಲ್ಲಿ.

ಆಸ್ಪತ್ರೆಯಲ್ಲಿ ಬರೆದುಕೊಂಡ ಹೇಳಿಕೆಯಲ್ಲಿ ನಾನು ಹೇಳಿದ್ದು ಒಂದೇ ಮಾತು: ಬಟನ್ ಕೆಟ್ಟಿತ್ತು. ಆ ಮಷೀನಿಗೆ ಎಡಕ್ಕೊಂದು ಬಲಕ್ಕೊಂದು ಬಟನ್. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಹಾಗಾಗಿ ಬ್ಲೇಡಿನ ಕೆಳಗೆ ಕೈ ಇರಲು ಸಾಧ್ಯವೇ ಇಲ್ಲ. ನನ್ನ ಕೈ ಇತ್ತು. ಅಂದರೆ ಬಟನ್ ಕೆಟ್ಟಿತ್ತು. ಅಷ್ಟೆ.

ಸಂಜೆ ತಂಗಿಗೆ ಇದನ್ನೇ ಹೇಳಿದೆ. ಅವಳು ಬಟ್ಟೆ ಮಡಚುತ್ತ, "ಅಕ್ಕ, ಬಟನ್ ಕೆಟ್ಟಿಲ್ಲ ಕಣೆ" ಅಂದಳು.

"ನಿನಗೇನು ಗೊತ್ತು?"

"ಅದರ ಮೇಲೆ ಟೇಪಿದೆ."

"ಸುಮ್ನಿರು" ಅಂದೆ. ಜೋರಾಗೇ ಅಂದೆ. ಅವಳು ಮತ್ತೆ ಬಟ್ಟೆ ಮಡಚತೊಡಗಿದಳು. ನನಗೆ ಊಟ ಸೇರಲಿಲ್ಲ.

ಮಾರ್ಚ್ 19, ಬುಧವಾರ

ಫೋಟೋದವಳ ಫೋನು ಬಂದೇಬಿಟ್ಟಿತು. ಏಳು ಒಂಬತ್ತು ಎಲ್ಲ ಸರಿಯಾಗಿ ಓದಿಕೊಂಡಿದ್ದಾಳೆ. ಪ್ರಿಂಟು ಹಾಕಿದ್ದೇನೆ, ಬಂದು ನೋಡಿ, ಇಷ್ಟವಾಗದಿದ್ದರೆ ಪುಸ್ತಕಕ್ಕೆ ಹಾಕುವುದಿಲ್ಲ ಅಂದಳು. ಇಷ್ಟವಾಗಲಿಲ್ಲ ಅಂತ ಹೇಳುವುದಕ್ಕೇ ಹೋದೆ.

ಮೂರನೇ ಮಹಡಿ, ಲಿಫ್ಟಿಲ್ಲ. ಉದ್ದದ ಕೋಣೆ, ಗೋಡೆಗೆಲ್ಲ ಕೈಗಳು. ಎಲ್ಲವೂ ಜೋಡಿ ಜೋಡಿ. ಎಡಗಡೆ ಬುದ್ಧನ ವಿಗ್ರಹದ ಕೈ, ಬಲಗಡೆ ಮನುಷ್ಯರ ಕೈ. ಬುದ್ಧನವು ಮ್ಯೂಸಿಯಮ್ಮು, ಹಾಳುಬಿದ್ದ ವಿಹಾರ ಅಂತ ಹತ್ತು ವರ್ಷ ಅಲೆದು ತೆಗೆದವಂತೆ. ಸೂಜಿಗೆ ದಾರ ಪೋಣಿಸುವ ಟೈಲರ್‌ನ ಕೈ, ಪಕ್ಕದಲ್ಲಿ ಹೆಬ್ಬೆರಳು ತೋರುಬೆರಳು ಕೂಡಿಸಿ ಪಾಠ ಹೇಳುವ ಬುದ್ಧನ ಕೈ. ನೆಲ ಒರೆಸುವ ಹೆಂಗಸಿನ ಕೈ ನೆಲ ಮುಟ್ಟಿದೆ, ಪಕ್ಕದಲ್ಲಿ ಬುದ್ಧನ ಕೈಯೂ ನೆಲ ಮುಟ್ಟಿದೆ. ಅವನು ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆ ಅದು ಅಂತ ಅವಳು ವಿವರಿಸಿದಳು. ಭಾಗ್ಯವಂತ. ನಾನು ಯಾರನ್ನು ಕರೀಲಿ, ಮಷೀನನ್ನಾ?

ಕೊನೆಯಲ್ಲಿ ನನ್ನದು. ನೋಡಿ ತಲೆ ಕೆಟ್ಟುಹೋಯಿತು. ಎಡಗಡೆ ಕಲ್ಲಿನ ಕೈ, ಮೇಲೆತ್ತಿದ ಅಂಗೈ. ಅದರದ್ದೂ ಅವೇ ಎರಡು ಬೆರಳು ಮುರಿದಿವೆ. ಬಲಗಡೆ ನಾನು. ಹೊಲಿಗೆಯ ಗುರುತುಗಳನ್ನೆಲ್ಲ ಎಣಿಸಬಹುದು.

"ಇದಕ್ಕಾ ನಾನು ಬೇಕಾಗಿದ್ದು?" ಅಂದೆ. "ನಿಮ್ಮ ಹತ್ತಿರ ಮುರಿದ ಬುದ್ಧ ಇತ್ತು, ಅದಕ್ಕೆ ಜೋಡಿ ಹುಡುಕ್ತಿದ್ರಿ. ಆಸ್ಪತ್ರೆಗೆ ಬಂದು ಸಂತೆಯಲ್ಲಿ ಆರಿಸಿದ ಹಾಗೆ ಆರಿಸಿಕೊಂಡ್ರಿ."

"ಹೌದು" ಅಂದಳು. ಅಲ್ಲ ಅಂತಾಳೆ ಅಂದುಕೊಂಡಿದ್ದೆ.

"ಅದು ಕಲ್ಲು ಕಣ್ರೀ! ಅದಕ್ಕೆ ನೋವಾಗಲಿಲ್ಲ. ಅದು ಮುರಿದಿದ್ರೂ ಜನ ಗಾಜಿನ ಪೆಟ್ಟಿಗೆಯೊಳಗಿಟ್ಟು ನೋಡ್ತಾರೆ. ನನ್ನ ಕೈ ಜೇಬಿಂದ ಆಚೆ ಬಂದ್ರೆ ಬಸ್ಸಲ್ಲಿ ಪಕ್ಕದ ಸೀಟಿನವರು ಎದ್ದು ಹೋಗ್ತಾರೆ."

ಅವಳು ಆ ಕಲ್ಲಿನ ಕೈಯ ಫೋಟೋದ ಹತ್ತಿರ ಹೋದಳು. ಆಮೇಲೆ, "ಈ ಬುದ್ಧನ ಕೈ ಯಾರು ಮುರಿದರು ಅಂತ ಗೊತ್ತಿಲ್ಲ. ಸಾವಿರ ವರ್ಷ ಆಯ್ತು, ಕೇಳೋಕೆ ಯಾರೂ ಇಲ್ಲ. ನಿಮ್ಮದು?" ಅಂದಳು.

"ಮಷೀನು."

"ಮಷೀನು ತಾನಾಗಿ ಇಳೀತಾ?"

ಯಾರಪ್ಪನ ಮನೆ ಗಂಟು ಹೋಗುತ್ತಿತ್ತು ಇವಳಿಗೆ ಇದನ್ನು ಕೇಳದಿದ್ದರೆ! ಎದ್ದು ಬಾಗಿಲವರೆಗೆ ಹೋದೆ. ಅಲ್ಲಿ ಪುಸ್ತಕದ ನಮೂನೆ ಇತ್ತು, ಹಿಂದಿನ ರಟ್ಟಿನ ಮೇಲೆ ಪ್ರೆಸ್ಸಿನ ಹೆಸರು. ನಮ್ಮ ಪ್ರೆಸ್ಸು. ನಗು ಬಂತು. ಅಳುವಿಗೆ ಬದಲು ಬರುತ್ತದಲ್ಲ, ಆ ನಗು.

"ಇಲ್ಲೇ ನನ್ನ ಬೆರಳು ಹೋಗಿದ್ದು" ಅಂದೆ.

ಅವಳ ಮುಖ ಸುಣ್ಣದಂತಾಯಿತು. ಗೊತ್ತಿರಲಿಲ್ಲ, ನಿಜವಾಗಲೂ ಗೊತ್ತಿರಲಿಲ್ಲ, ನಾಳೆಯೇ ಬೇರೆ ಕಡೆ ಕೊಡುತ್ತೇನೆ ಅಂದಳು.

"ಬೇಡ. ಅಲ್ಲೇ ಅಚ್ಚು ಹಾಕಿಸಿ. ಎಲ್ಲರೂ ನೋಡಲಿ. ಯಜಮಾನರು ದಿನಾ ಬೆಳಿಗ್ಗೆ ನೋಡಲಿ."

ಹಾಗಂದು ಇಳಿದು ಬಂದೆ. ಇಷ್ಟವಾಗಲಿಲ್ಲ ಅಂತ ಹೇಳುವುದು ಮರೆತೇಹೋಯಿತು. ಮೂರು ಪುಟ ಆಗಿದೆ, ಡಾಕ್ಟರಮ್ಮನಿಗೆ ಖುಷಿಯಾಗಬಹುದು.

ಮಾರ್ಚ್ 22, ಶನಿವಾರ

ಕಾಗದ ಮೇಜಿನ ಮೇಲೇ ಇದೆ. ಮೇಲೆ ಗಡಿಯಾರ ಇಟ್ಟಿದ್ದೇನೆ, ಹಾರದಿರಲಿ ಅಂತ. ಹಾರಿಹೋದರೆ ಒಳ್ಳೆಯದಿತ್ತು.

ತಂಗಿ ಇವತ್ತು ಬೆಳಿಗ್ಗೆ ಹೊರಡುವಾಗ ಕೈಗೆ ಎಣ್ಣೆ ಹಚ್ಚಿಕೊಂಡಳು. ರಟ್ಟು ಮುಟ್ಟಿ ಮುಟ್ಟಿ ಒರಟಾಗಿದೆ ಅಂದಳು. ಹತ್ತೂ ಬೆರಳಿಗೆ ಹಚ್ಚಿಕೊಳ್ಳುವುದನ್ನು ನೋಡಲಾಗದೆ ಒಳಗೆ ಹೋದೆ.

ಮಾರ್ಚ್ 27, ಗುರುವಾರ

ಇವತ್ತು ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಬರೆದಿಡಬೇಕು.

ಫೋಟೋದವರ ಪುಸ್ತಕದ ಮೊದಲ ಪ್ರೂಫು ಬಂದಿದೆ, ನಿನ್ನ ಹಾಳೆ ಇಲ್ಲಿದೆ ಅಂತ ತಂಗಿ ಮಧ್ಯಾಹ್ನ ಊಟಕ್ಕೆ ಬಂದಾಗ ತಂದುಕೊಟ್ಟಳು. ಬಿಡಿಸಿ ನೋಡುತ್ತೇನೆ, ನನ್ನ ಕೈಗೆ ಐದು ಬೆರಳು! ಪಕ್ಕದ ಬುದ್ಧನಿಗೂ ಐದು. ಇಬ್ಬರೂ ಮದುವೆ ಮನೆಗೆ ಹೊರಟ ಹಾಗೆ ಸಿಂಗಾರವಾಗಿದ್ದೇವೆ.

ಊಟದ ತಟ್ಟೆ ಅಲ್ಲೇ ಬಿಟ್ಟು ಪ್ರೆಸ್ಸಿಗೆ ಹೋದೆ. ಎರಡು ತಿಂಗಳ ಮೇಲೆ ಮೊದಲ ಸಲ. ಕೌಂಟರಿನವನು "ಅಕ್ಕಾ, ಹೇಗಿದ್ದೀರಾ?" ಅಂದ. ಉತ್ತರ ಕೊಡದೆ ಸೀದಾ ಬಣ್ಣದಣ್ಣನ ಕೋಣೆಗೆ ಹೋಗಿ ಬಾಗಿಲು ಗುದ್ದಿದೆ. ಚಿತ್ರಗಳ ಬಣ್ಣ ತಿದ್ದಿ, ಕಲೆ ತೆಗೆದು, ಅಚ್ಚಿಗೆ ತಯಾರು ಮಾಡುವವನು ಅವನು. ನನಗಿಂತ ಹತ್ತು ವರ್ಷ ದೊಡ್ಡವನು. ನನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದವನೂ ಅವನೇ.

ಹಾಳೆಯನ್ನು ಅವನ ಮೂಗಿನ ಮುಂದೆ ಎತ್ತಿ ಹಿಡಿದೆ. "ಏನಣ್ಣಾ ಇದು? ಯಾರು ಕೇಳಿದ್ರು ನಿನ್ನ?"

"ವಿಗ್ರಹದ ಫೋಟೋ ಬಂದ್ರೆ ಮೂಗು, ಬೆರಳು ಎಲ್ಲ ತುಂಬಿಕೊಡೋದು ನಮ್ಮ ರೂಢಿ ಅಲ್ವೇನಮ್ಮ" ಅಂದ. "ಕ್ಯಾಲೆಂಡರ್‌ನವರು ಯಾವಾಗಲೂ ಹಾಗೇ ಕೇಳೋದು. ಈ ಪುಸ್ತಕದಲ್ಲೂ ತುಂಬ್ತಾ ತುಂಬ್ತಾ ಬಂದೆ. ಆಮೇಲೆ ನಿನ್ನ ಕೈ ಬಂತು. ನೋಡಿದ ತಕ್ಷಣ ಗುರುತು ಸಿಕ್ತು. ಬುದ್ಧನಿಗೆ ಬೆರಳು ಕೊಟ್ಟು ನಿನಗೆ ಹೇಗೆ ಬಿಡ್ಲಿ?"

ಅವನ ಕಣ್ಣಲ್ಲಿ ನೀರು. ನನಗೆ ಇನ್ನೂ ಸಿಟ್ಟು ಬಂತು. ಅಳುವವರನ್ನು ಬೈಯುವುದು ಕಷ್ಟ, ಆದರೂ ಬೈದೆ. ನನ್ನ ಕೈ ನನ್ನದು, ಅದು ಹೇಗಿದೆಯೋ ಹಾಗೇ ಇರಲಿ, ಪುಸ್ತಕದಲ್ಲಾದರೂ ಸುಳ್ಳು ಹೇಳಬೇಡಿ ಅಂದೆ. ಹಾಗೆ ಅನ್ನುತ್ತ ಹಾಳೆ ಮತ್ತೊಮ್ಮೆ ನೋಡಿದೆ. ಆ ಬೆರಳು ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ನನ್ನವೇ ಏನೋ ಅನ್ನಿಸುತ್ತಿತ್ತು. ಉಗುರಿನ ಪಕ್ಕ ಸಣ್ಣದೊಂದು ರಟ್ಟಿನ ಗೀರು. ನನ್ನ ಬೆರಳಿಗೆ ಅಲ್ಲಿ ಗೀರಿರಲಿಲ್ಲ.

"ಈ ಬೆರಳು ಎಲ್ಲಿಂದ ತಂದೆ?"

ಬಣ್ಣದಣ್ಣ ನನ್ನ ಹೆಗಲಾಚೆ ನೋಡಿದ. ಹಿಂದೆ ಬಾಗಿಲಲ್ಲಿ ತಂಗಿ ನಿಂತಿದ್ದಳು, ನನ್ನ ಹಿಂದೆಯೇ ಓಡಿಬಂದಿದ್ದಳು. "ನಂದು" ಅಂದಳು. "ಅಣ್ಣ ಕೇಳಿದ್ರು, ಮೇಜಿನ ಮೇಲೆ ಕೈ ಇಟ್ಟೆ, ಫೋಟೋ ತಗೊಂಡ್ರು. ನಿನಗೆ ಒಳ್ಳೇದಾಗ್ಲಿ ಅಂತ ಕೊಟ್ಟೆ ಅಕ್ಕ. ಎರಡೇ ಅಲ್ವಾ."

ಎರಡೇ ಅಲ್ವಾ ಅಂತೆ! ಅವಳ ರಟ್ಟೆ ಹಿಡಿದು ಕಟಿಂಗ್ ಮಷೀನಿನ ಹತ್ತಿರ ಎಳೆದುಕೊಂಡು ಹೋದೆ. ಯಾಕೆ ಎಳೆದುಕೊಂಡು ಹೋದೆನೋ. ಎಡಗಡೆ ಬಟನ್ ಮೇಲೆ ಕಂದು ಟೇಪು, ಬಟನ್ ಒಳಕ್ಕೆ ಒತ್ತಿಕೊಂಡೇ ಇದೆ. ಟೇಪಿನ ತುದಿ ಮಡಚಿದೆ, ಬೇಕಾದಾಗ ಸುಲಭವಾಗಿ ಕೀಳಲು. ಹಾಗೆ ತುದಿ ಮಡಚುವುದು ನನ್ನ ಅಭ್ಯಾಸ.

ಎರಡು ತಿಂಗಳಾದರೂ ನಾನು ಅಂಟಿಸಿದ್ದನ್ನು ಯಾರೂ ತೆಗೆದಿಲ್ಲ.

ಮಾರ್ಚ್ 28, ಶುಕ್ರವಾರ

ನಿನ್ನೆಯ ಕೊನೆಯ ಸಾಲನ್ನು ಹೊಡೆದುಹಾಕೋಣ ಅಂತ ಪೆನ್ನು ತೆಗೆದೆ. ಬಿಟ್ಟೆ.

ಹೌದು, ನಾನೇ ಅಂಟಿಸಿದ್ದು. ನಾಲ್ಕು ವರ್ಷದಿಂದ ಅಂಟಿಸುತ್ತಿದ್ದೇನೆ. ಒಂದು ಸಲ ಶಾಲೆ ಪುಸ್ತಕಗಳ ಆರ್ಡರು, ತಲೆ ಎತ್ತಲು ಪುರುಸೊತ್ತಿಲ್ಲ. ಯಜಮಾನ ನನ್ನ ಪಕ್ಕ ನಿಂತು, "ಎರಡೂ ಕೈ ಬಟನ್ನಿಗೇ ಕೊಟ್ರೆ ಕಾಗದ ಯಾರು ಜೋಡಿಸ್ತಾರೆ, ನಾನಾ? ಒಂದಕ್ಕೆ ಟೇಪು ಹಾಕು" ಅಂತ ನಕ್ಕ. ನಾನೂ ನಕ್ಕೆ. ಹಾಕಿದೆ. ಎಡಗೈ ಕಾಗದ ಜೋಡಿಸಬೇಕು, ಬಲಗೈ ಬಟನ್ ಒತ್ತಬೇಕು, ಹಾಗಿತ್ತು ಲೆಕ್ಕ. ಅವತ್ತು ಬಲಗೈ ಕಾಗದಕ್ಕೆ ಹೋಯಿತು, ಮೊಣಕೈ ಬಟನ್‌ಗೆ ತಾಗಿತು. ಮುಗಿಯಿತು.

ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಅವನ ಕಾಗದವೇ ನಿಜವಾಗುತ್ತದೆ: ನನ್ನ ಅಜಾಗರೂಕತೆಯಿಂದ. ಹೇಳದಿದ್ದರೆ, ಬಟನ್ ಸರಿಯಾಗೇ ಇದೆ ಅಂತ ಇನ್‌ಸ್ಪೆಕ್ಟರ್ ಎರಡು ಸಲ ಒತ್ತಿ ನೋಡಿ ಹೋಗುತ್ತಾರೆ. ಮರುದಿನ ಟೇಪು ಮತ್ತೆ ಬರುತ್ತದೆ. ತಂಗಿ ನಿಂತಿರುತ್ತಾಳೆ.

ಈ ಸಿಟ್ಟನ್ನು ಎಲ್ಲಿಡಲಿ? ಎರಡು ತಿಂಗಳಿಂದ ಊರವರ ಮೇಲೆಲ್ಲ ಹಂಚಿದೆ. ಡಾಕ್ಟರಮ್ಮ, ಫೋಟೋದವರು, ಬಣ್ಣದಣ್ಣ, ಬುದ್ಧ, ಎಲ್ಲರಿಗೂ ಆಯಿತು. ಇನ್ನೂ ತುಂಬ ಉಳಿದಿದೆ.

ಏಪ್ರಿಲ್ 2, ಬುಧವಾರ

ಕಾಗದಕ್ಕೆ ಸಹಿ ಹಾಕದೆಯೇ ನಾನೂ ಪ್ರೆಸ್ಸಿಗೆ ಹೋದೆ. ಹತ್ತೂವರೆಗೆ ಇನ್‌ಸ್ಪೆಕ್ಟರ್ ಬಂದರು. ಕನ್ನಡಕದ ಹೆಂಗಸು, ಕೈಯಲ್ಲಿ ರಟ್ಟಿನ ಫೈಲು. ಮಷೀನು ಥಳಥಳ ಹೊಳೆಯುತ್ತಿತ್ತು. ಟೇಪು ಇಲ್ಲ, ಅಂಟಿನ ಕಲೆ ಕೂಡ ಇಲ್ಲ, ಯಜಮಾನ ಸೀಮೆಎಣ್ಣೆಯಲ್ಲಿ ಉಜ್ಜಿಸಿದ್ದಾನೆ. ವಾಸನೆ ಬರುತ್ತಿತ್ತು.

ಇನ್‌ಸ್ಪೆಕ್ಟರ್ ಬಟನ್ ಒತ್ತಿ ನೋಡಿದರು. ಒಂದನ್ನೇ ಒತ್ತಿದರೆ ಬ್ಲೇಡು ಇಳಿಯಲಿಲ್ಲ. ಎರಡೂ ಒತ್ತಿದರೆ ಇಳಿಯಿತು.

"ಕೆಟ್ಟಿತ್ತು ಅಂತ ಹೇಳಿಕೆ ಕೊಟ್ಟಿದ್ದೀರಲ್ಲ?" ಅಂತ ನನ್ನ ಕಡೆ ತಿರುಗಿದರು.

"ಸುಳ್ಳು ಹೇಳಿದ್ದೆ ಮೇಡಂ" ಅಂದೆ. "ಕೆಟ್ಟಿರಲಿಲ್ಲ. ಟೇಪು ಹಾಕಿತ್ತು. ಹಾಕಿದ್ದು ನಾನು. ಹಾಕು ಅಂದಿದ್ದು ಇವರು. ನಾಲ್ಕು ವರ್ಷದಿಂದ ಹೀಗೇ."

ಯಜಮಾನ ಕೈ ತಟ್ಟುವುದೊಂದು ಬಾಕಿ. "ನೋಡಿದ್ರಾ ಮೇಡಂ? ಅವಳೇ ಒಪ್ಕೊಂಡ್ಲು. ಅವಳೇ ಹಾಕಿದ್ದಂತೆ. ನಾನು ಹೇಳಿದ್ದಕ್ಕೆ ಏನು ಸಾಕ್ಷಿ?"

ಬೈಂಡಿಂಗ್ ಮೇಜಿನವರೆಲ್ಲ ತಲೆ ತಗ್ಗಿಸಿ ಅಚ್ಚಾದ ಹಾಳೆ ಮಡಚುತ್ತಿದ್ದರು. ಇವತ್ತಿನಷ್ಟು ಚುರುಕಾಗಿ ಯಾವತ್ತೂ ಮಡಚಿದವರಲ್ಲ. ಬಣ್ಣದಣ್ಣ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ, ಅಷ್ಟೆ. ಅವರ ಮೇಲೂ ಸಿಟ್ಟು ಬಂತು, ಆದರೆ ಅವರ ಜಾಗದಲ್ಲಿ ನಾನಿದ್ದಿದ್ದರೂ ಮಡಚುತ್ತಲೇ ಇರುತ್ತಿದ್ದೆ.

ಆಗ ತಂಗಿ ಏಪ್ರನ್ ಬಿಚ್ಚಿ ಮಷೀನಿನ ಮೇಲಿಟ್ಟಳು.

"ನಿನ್ನೆ ಸಂಜೆ ತನಕ ಟೇಪಿತ್ತು ಮೇಡಂ. ನಾನು ಟೇಪು ಹಾಕ್ಕೊಂಡೇ ಕೆಲಸ ಮಾಡಿದೀನಿ. ಅಕ್ಕ ಅಂಟಿಸಿದ್ದು ಎರಡೇ ವಾರಕ್ಕೆ ಬಿಟ್ಕೊಂಡ್ತು. ಆಮೇಲೆ ಪ್ರತಿ ಸೋಮವಾರ ನಾನೇ ಅಂಟಿಸ್ತಿದ್ದೆ. ಸ್ಟೋರಿನ ಪುಸ್ತಕದಲ್ಲಿ ವಾರಕ್ಕೊಂದು ಟೇಪು, ಕಟಿಂಗ್ ಮಷೀನಿಗೆ ಅಂತ ಬರೆದು, ಯಜಮಾನ್ರೇ ಸಹಿ ಹಾಕಿದಾರೆ. ತರಿಸಿ ನೋಡಿ. ಕಾಗದ ಕತ್ತರಿಸೋ ಮಷೀನಿಗೆ ಟೇಪು ಯಾಕೆ ಬೇಕು ಅಂತ ಕೇಳಿ."

ಇನ್‌ಸ್ಪೆಕ್ಟರ್ ಪುಸ್ತಕ ತರಿಸಿದರು. ನಾಲ್ಕು ವರ್ಷದ ಸಹಿಗಳು. ಮಧ್ಯಾಹ್ನದ ಹೊತ್ತಿಗೆ ಮಷೀನಿಗೆ ಸೀಲು ಬಿತ್ತು. ಯಜಮಾನ ತಂಗಿಗೆ ನಾಳೆಯಿಂದ ಬರಬೇಡ ಅಂದ, ಎಲ್ಲರ ಮುಂದೆಯೇ ಅಂದ.

ಇಬ್ಬರೂ ಮನೆಗೆ ಹೊರಟೆವು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆವು, ಅವಳ ಕೈ ಮೇಲೆ, ನನ್ನದು ಕೆಳಗೆ. ನೀನು ಅಂಟಿಸ್ತಿದ್ದದ್ದು ಯಾಕೆ ನನಗೆ ಹೇಳಲಿಲ್ಲ ಅಂತ ನಾನೇ ಕೇಳಿದೆ.

"ಹೇಳಿದ್ನಲ್ಲ, ಟೇಪಿದೆ ಅಂತ" ಅಂದಳು. "ನೀನೇ ಸುಮ್ನಿರು ಅಂದೆ."

ಏಪ್ರಿಲ್ 4, ಶುಕ್ರವಾರ

ಫೋಟೋದವರು ಮನೆಗೇ ಬಂದಿದ್ದರು. ಪುಸ್ತಕ ಬೇರೆ ಪ್ರೆಸ್ಸಿಗೆ ಹೋಗುತ್ತದೆ. ಬುದ್ಧನ ಬೆರಳು, ನನ್ನ ಬೆರಳು ಎಲ್ಲ ಮತ್ತೆ ಕಿತ್ತಿದ್ದಾರೆ. ಬಣ್ಣದಣ್ಣನೇ ಮೂಲ ಫೋಟೋಗಳನ್ನು ಹುಡುಕಿ ಕಳಿಸಿದನಂತೆ. ಪ್ರತಿ ಫೋಟೋದ ಕೆಳಗೆ ಒಂದು ಸಾಲು ಬರುತ್ತದೆ, ನಿಮ್ಮದಕ್ಕೆ ಏನು ಬರೀಲಿ, ನೀವೇ ಹೇಳಿ ಅಂದರು. ಟೈಲರ್‌ನದಕ್ಕೆ "ದರ್ಜಿ" ಅಂತಿದೆ. ನೆಲ ಒರೆಸುವವಳದಕ್ಕೆ "ಸಾಕ್ಷಿ" ಅಂತಿದೆ. ನನಗೂ ಅಂಥದ್ದೇನೋ ಚೆಂದದ್ದು ಬೇಕೇನೋ ಅಂತ ಅವರ ಮುಖ ನೋಡಿದೆ. ಅವರು ಸುಮ್ಮನೆ ಕಾದರು. ಅವರಿಗೆ ಆ ವಿದ್ಯೆ ಚೆನ್ನಾಗಿ ಬರುತ್ತದೆ.

ಕಾಗದ ತೆಗೆದುಕೊಂಡು ನಾನೇ ಬರೆದೆ: "ಕಟಿಂಗ್ ಮಷೀನು. ಎಡಗಡೆ ಬಟನ್‌ಗೆ ಟೇಪು. ಹಾಕು ಅಂದದ್ದು ಯಜಮಾನ. ಹಾಕಿದ್ದು ನಾನು."

ತಂಗಿ ಟೀ ತಂದವಳು ನಿಂತು ಓದಿದಳು. ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದವಳು, "ಒಂದು ಬಿಟ್ಟಿದ್ದೀಯ" ಅಂದಳು.

ಯಾವುದು ಅಂತ ನಾನು ಕೇಳಲಿಲ್ಲ. ಹೋದ ವರ್ಷ ನನಗೆ ಜ್ವರ ಬಂದಾಗ ನನ್ನ ಬದಲು ಅವಳು ಮಷೀನಿಗೆ ನಿಂತಳು. ಎರಡೂ ಬಟನ್ ಒತ್ತುತ್ತ ನಿಧಾನವಾಗಿ ಮಾಡುತ್ತಿದ್ದಾಳೆ ಅಂತ ದೂರು ಬಂದಿತ್ತು. ಹಾಸಿಗೆಯಲ್ಲೇ ಕೂತು, ಮೇಜಿನ ಅಂಚಿಗೆ ಟೇಪು ಅಂಟಿಸಿ, ತುದಿ ಹೇಗೆ ಮಡಚಬೇಕು ಅಂತ ತೋರಿಸಿಕೊಟ್ಟೆ. ಒಂದೇ ಸಲಕ್ಕೆ ಕಲಿತಳು. ಭೇಷ್ ಅಂದಿದ್ದೆ.

ಬರೆದೆ: "ತಂಗಿಗೂ ನಾನೇ ಕಲಿಸಿದೆ."

ಫೋಟೋದವರು ಓದಿ, "ಒಂದು ಸಾಲಿಗೆ ಹಿಡಿಯಲ್ಲ. ಫೋಟೋ ಕೆಳಗೆ ಅಷ್ಟು ಜಾಗ ಇಲ್ಲ" ಅಂದರು.

"ಪಕ್ಕದಲ್ಲಿ ಬುದ್ಧನ ಕೆಳಗೆ ಖಾಲಿ ಇದೆಯಲ್ಲ, ಅಲ್ಲಿ ತಗೊಳ್ಳಿ" ಅಂದೆ. "ಅವನ ಬೆರಳು ಮುರಿದವರು ಯಾರು ಅಂತ ಬರೆಯೋಕೆ ನಿಮ್ಮ ಹತ್ತಿರ ಏನೂ ಇಲ್ಲ."